ನಾಲ್ಕು ಚೌಕದ ಮಾತು

ಆಡಿನ ಹಾಲು ಹಿಂಡಿಕೊಂಡು ಬಂದ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಲಗೈಯ ತಂಬಿಗೆ ಓರೆಯಾಗಿ ಹಾಲು ನೆಲಕ್ಕೆ ಸುರಿಯುತ್ತಿತ್ತು. ಅದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ನನ್ನನ್ನು ನೋಡಿ ಏನೋ ಹೇಳಿದರು. ದನಿ ಅವರದೇ, ಏರಿಳಿತವೂ ಅವರದೇ. ಆದರೆ ಅದರಲ್ಲಿ ಒಂದೂ ಮಾತಿರಲಿಲ್ಲ.

ಚೇಷ್ಟೆ ಮಾಡುತ್ತಿದ್ದಾರೆಂದು ನಾನು ನಕ್ಕೆ.

ಆಮೇಲೆ ಬಾಯಿ ಒಂದು ಕಡೆ ಜೋತುಬಿದ್ದಿರುವುದು ಕಂಡಿತು.

ನಮ್ಮೂರು ದಿಗ್ಗೇವಾಡಿಯಿಂದ ರಾಯಬಾಗಕ್ಕೆ, ಅಲ್ಲಿಂದ ಮಿರಜದ ಆಸ್ಪತ್ರೆಗೆ. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸಿಟಿ ಸ್ಕ್ಯಾನ್ ಮಾಡಿದರು. ಮೆದುಳಿನ ಎಡಭಾಗದಲ್ಲಿ ಕ್ಲಾಟ್. "ಸ್ಟ್ರೋಕ್ ಆಗೇತ್ರಿ. ಜೀವಕ್ಕ ಅಪಾಯ ಇಲ್ಲ. ಆದರ ಮಾತ..." ಎಂದರು ಡಾಕ್ಟರು. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ಬರುವುದಿಲ್ಲ.

ಉಳಿದಿದ್ದು ಒಂದೇ ಶಬ್ದ. "ಆತು."

ನೀರು ಬೇಕೇ? ಆತು. ನೋವಿದೆಯೇ? ಆತು. ಸಿಟ್ಟು ಬಂದರೂ ಆತು, ಕಣ್ಣೀರು ಬಂದರೂ ಆತು. ಹದಿನೆಂಟು ಆಡುಗಳನ್ನು ಒಂದೊಂದೇ ಹೆಸರಿನಿಂದ ಕೂಗುತ್ತಿದ್ದ ಮನುಷ್ಯ. ಆ ಶಬ್ದ ತಮ್ಮ ಬಾಯಿಂದ ಬಂದಾಗಲೆಲ್ಲ ತಾವೇ ಬೆಚ್ಚಿ, ತಲೆ ಅಲ್ಲಾಡಿಸುತ್ತಿದ್ದರು. ಅದಲ್ಲ, ನಾನು ಹೇಳಬೇಕೆಂದಿದ್ದು ಅದಲ್ಲ ಎನ್ನುವಂತೆ.

ಐದನೇ ದಿನದ ಸಂಜೆ ಪಕ್ಕದ ಹಾಸಿಗೆಯ ಅಜ್ಜನ ಮಕ್ಕಳು ಮೆಲ್ಲಗೆ ಭಜನೆ ಹೇಳುತ್ತಿದ್ದರು. ನಮ್ಮವರ ತುಟಿ ಅಲುಗಾಡಿತು. ಎರಡನೇ ಸಾಲಿಗೆ ಅವರೂ ಸೇರಿಕೊಂಡರು, ಶಬ್ದಗಳ ಸಮೇತ.

ನಾನು ನರ್ಸನ್ನು ಕೂಗುತ್ತ ಓಡಿದೆ.

ಮರುದಿನ ಸ್ಪೀಚ್ ಥೆರಪಿಸ್ಟ್ ಬಂದಳು, ನನ್ನ ಮಗಳ ವಯಸ್ಸಿನವಳು. ಮರಾಠಿಯವಳು, ಕನ್ನಡ ಗಡಿಭಾಗದ್ದು. "ವೈನಿ, ಮಾತು ಎಡಕ್ಕ ಇರ್ತೈತಿ, ಹಾಡು ಬಲಕ್ಕೂ ಇರ್ತೈತಿ. ಬಲಗಡೆದು ಇವರಿಗೆ ಚಲೋ ಐತಿ. ನಾವು ಮಾತನ್ನ ಹಾಡಿನ ದಾರೀಲೆ ತರೂಣು" ಎಂದಳು. ಸಣ್ಣ ಸಣ್ಣ ಮಾತಿಗೆ ಒಂದೊಂದು ಧಾಟಿ. ಎಡಗೈಯಿಂದ ತೊಡೆ ತಟ್ಟುತ್ತ ಹಾಡಬೇಕು. ದಿನವೂ, ಅದೇ ಧಾಟಿ, ಬದಲಾಗಬಾರದು.

ನನಗೆ ಹಾಡಲು ಬರುವುದಿಲ್ಲ. ಮದುವೆಮನೆಯಲ್ಲಿ ಹೆಂಗಸರು ಸೋಬಾನ ಎತ್ತಿದರೆ ನನ್ನನ್ನು ಮೊಣಕೈಯಿಂದ ತಿವಿದು ಸುಮ್ಮನಾಗಿಸುತ್ತಾರೆ. ಆ ಹುಡುಗಿಯೂ ನಾಲ್ಕು ಸಲ ಕೇಳಿ ನಕ್ಕಳು. "ಪ್ರತಿ ಸಲ ಬ್ಯಾರೆ ಧಾಟಿ ಬರಾಕತ್ತೇತ್ರಿ ವೈನಿ."

ಆಗ ನನ್ನ ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೆಗೆದುಕೊಟ್ಟಳು. ತೆರೆಯ ತುಂಬ ಖಾಲಿ ಚೌಕಗಳು. ಒಂದನ್ನು ಮುಟ್ಟಿದರೆ ಬಣ್ಣ ಬರುತ್ತದೆ. ಎಡದಿಂದ ಬಲಕ್ಕೆ ಒಂದು ಗೆರೆ ಸರಿಯುತ್ತ, ಬಣ್ಣದ ಚೌಕದ ಮೇಲೆ ಬಂದಾಗ ದನಿ ಹೊರಡುತ್ತದೆ. ಮೇಲಿನ ಸಾಲಿಗೆ ಸಣ್ಣ ದನಿ, ಕೆಳಗಿನದಕ್ಕೆ ದಪ್ಪ ದನಿ. ನಾನು ಹಾಡಬೇಕಾಗಿಲ್ಲ. ಅದು ಹಾಡುತ್ತದೆ, ಎಷ್ಟು ಸಲವಾದರೂ, ಒಂದೇ ಥರ.

ಊರಿಗೆ ಬಂದ ಮೇಲೆ ಮೊದಲು ಮಾಡಿದ್ದು "ನೀರ ಬೇಕ". ನೀ ಮೇಲೆ, ರ ಕೆಳಗೆ, ಬೇ ಮೇಲೆ, ಕ ಕೆಳಗೆ. ನಾಲ್ಕು ಚೌಕ. ಒತ್ತಿದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿತು. ನೀ ಮತ್ತು ಬೇ ಆದ ಮೇಲೆ ಒಂದೊಂದು ಚೌಕ ಖಾಲಿ ಬಿಡಬೇಕೆಂದು ತಿಳಿಯಲು ಒಂದು ಮಧ್ಯಾಹ್ನ ಹಿಡಿಯಿತು. ವೇಗ ಇಳಿಸಿದೆ. ಆಗ ಅದು ಮಾತಿನ ಹಾಗೆ ಕೇಳಿತು.

ಅವರ ಎಡಗೈ ಹಿಡಿದು ತಟ್ಟಿಸಿದೆ. ಅವರು ಮೊಬೈಲನ್ನು ದೂರ ತಳ್ಳಿದರು. ಮರುದಿನವೂ ತಳ್ಳಿದರು. ಅಂಗಳದ ಬಾಗಿಲಿಂದ ಆಡಿನ ಹಟ್ಟಿಯವರೆಗೆ ಕಾಲು ಎಳೆಯುತ್ತ ಹೋಗುವುದು, ಬರುವುದು, ಮತ್ತೆ ಹೋಗುವುದು. ಅವರ ಹಿಂದೆ ನಾನು, ನನ್ನ ಹಿಂದೆ ಆ ಧಾಟಿ.

ಅತ್ತೆ ಬೇಸತ್ತರು. "ಮನ್ಯಾಗ ಇಂಥಾ ಸಂಕಟ ಇದ್ದಾಗ ಇದೇನವ್ವಾ ಪೀಪಿ ಊದಾಕತ್ತೀ? ಮಂದಿ ಏನಂದಾರು?"

"ಗುಳಿಗಿ ಇದ್ದಂಗ ಇದೂ ಒಂದ್ರಿ ಅತ್ತಿ" ಎಂದೆ. ನನಗೇ ನಂಬಿಕೆ ಇರಲಿಲ್ಲ.

ಹನ್ನೊಂದನೇ ದಿನ "ನೀ...ರ" ಬಂತು. ಎರಡು ದಿನ ಬಿಟ್ಟು "ಬೇ...ಕ" ಕೂಡ.

ಆಮೇಲೆ ನನ್ನ ಕೈಗೆ ತಡೆಯೇ ಇಲ್ಲದಂತಾಯಿತು. "ಊಟ ಸಾಕ", "ಕಾಲ ನೋವ", "ಹೊರಗ ಹೋಗ್ತೀನಿ". ಒಲೆಯ ಮುಂದೆ, ಬಸ್ಸಿನಲ್ಲಿ, ಕಾಲುವೆಯ ದಂಡೆಯ ಮೇಲೆ ಆಡು ಮೇಯಿಸುವಾಗ, ಎಲ್ಲಿ ಕೂತರೂ ಚೌಕ ಒತ್ತುತ್ತಿದ್ದೆ. ಮಾತಿಲ್ಲದ ಧಾಟಿಗಳನ್ನೂ ಮಾಡಿದೆ. ಮಾಡುವುದು, ಅಳಿಸುವುದು. ಸುಮ್ಮನೆ ಕೂತರೆ ಎದೆ ಢವಗುಡುತ್ತಿತ್ತು, ಬೆರಳು ಆಡುತ್ತಿದ್ದರೆ ಸ್ವಲ್ಪ ತಣ್ಣಗಾಗುತ್ತಿತ್ತು. ಈಗ ಯೋಚಿಸಿದರೆ, ಆ ಧಾಟಿಗಳಲ್ಲಿ ಅರ್ಧದಷ್ಟು ಅವರಿಗಾಗಿ ಮಾಡಿದವಲ್ಲ.

ಹಾಗೆ ಕೂತ ಒಂದು ದಿನ ಆಡುಗಳು ಪಕ್ಕದವರ ಗೋವಿನಜೋಳಕ್ಕೆ ನುಗ್ಗಿದವು. ಹೊಲದವರು ಮನೆಗೆ ಬಂದು ಬೈದು ಹೋದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮವರಿಗೆ ಮಾತ್ರೆ, ಕಾಲಿಗೆ ವ್ಯಾಯಾಮ, ಅಡುಗೆ, ಹದಿನೆಂಟು ಆಡು, ತಿಂಗಳಿಗೆರಡು ಸಲ ಮಿರಜ. ನನ್ನಿಂದ ಆಗುವುದಿಲ್ಲ ಎನಿಸಿತು. ಆಡುಗಳನ್ನೆಲ್ಲ ಮಾರುವುದೆಂದು ನಿರ್ಧರಿಸಿದೆ.

ಅವರನ್ನು ಕೇಳಲಿಲ್ಲ. ಕೇಳಿದರೆ ತಾನೇ ಏನು ಹೇಳಿಯಾರು ಎಂದುಕೊಂಡೆ.

ಚಿಂಚಲಿಯ ವ್ಯಾಪಾರಿ ಬಂದು ಆಡುಗಳ ಬೆನ್ನು ಸವರಿ ನೋಡುತ್ತಿದ್ದ. ಬೇವಿನ ಮರದ ಕೆಳಗೆ ಕೂತಿದ್ದ ಇವರು ಎದ್ದು ನಿಂತರು. ಎಡಗೈ ತೊಡೆಯ ಮೇಲೆ ಬಡಿಯತೊಡಗಿತು. "ನೀರ ಬೇಕ"ದ ಧಾಟಿಯಲ್ಲಿ ಗುನುಗಿದರು.

"ಅತ್ತಿ, ನೀರ ತರ್ರಿ" ಎಂದೆ.

ಅತ್ತೆ ತಂದ ತಂಬಿಗೆಯನ್ನು ಅವರು ಪಕ್ಕಕ್ಕೆ ತಳ್ಳಿದರು. ಮತ್ತೆ ತೊಡೆ ತಟ್ಟಿದರು.

"ಮಾ...ರ ಬ್ಯಾ...ಡ."

ಅದೇ ನಾಲ್ಕು ಚೌಕ. ಆದರೆ ಈ ಮಾತನ್ನು ನಾನು ಕಲಿಸಿರಲಿಲ್ಲ.

"ಯಜಮಾನ್ರು ಬ್ಯಾಡ ಅನ್ನಾಕತ್ತಾರಲ್ರಿ ಅಕ್ಕಾರ" ಎಂದ ವ್ಯಾಪಾರಿ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೊದಲು ಬಂದಿದ್ದು ಸಿಟ್ಟು. "ಮೇಸಾವ್ರ ಯಾರ? ನಂಗೆಷ್ಟ ಕೈ ಅದಾವ?" ಎಂದೆ. ಅವರು ತಮ್ಮ ಎದೆ ಮುಟ್ಟಿ ತೋರಿಸಿದರು. "ಆ ಕಾಲ ಎಳಕೊಂಡ ಹೆಂಗ ಮೇಸ್ತೀರಿ?" ಅದಕ್ಕೆ ಅವರಲ್ಲಿ ಧಾಟಿ ಇರಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದರು. ಮಾರ ಬ್ಯಾಡ.

ಒಳಗೆ ಹೋಗಿ ಅತ್ತುಬಿಟ್ಟೆ. ಎಷ್ಟೋ ವಾರಗಳ ಮೇಲೆ ಗಂಡ ಹೆಂಡತಿ ಜಗಳವಾಡಿದ್ದೆವು.

ಹೊರಬಂದು ಹೇಳಿದೆ. "ಹನ್ನೆರಡ ಕೊಡೂಣು. ಆರ ಇರ್ಲಿ. ಯಾವ ಆರ ಅನ್ನೂದ ನೀವ ಹೇಳ್ರಿ." ಅವರು ಮುಖ ತಿರುಗಿಸಿದರು. ಆಮೇಲೆ ಹಟ್ಟಿಗೆ ಹೋಗಿ ಎಡಗೈಯಿಂದ ಒಂದೊಂದರ ನೆತ್ತಿ ಮುಟ್ಟಿದರು. ಆರನೆಯದಕ್ಕೆ ಕೈ ಬಹಳ ತಡವರಿಸಿತು.

ಮುಂದಿನ ಸಲ ಮಿರಜದಲ್ಲಿ ಇದನ್ನು ಹೇಳಿದಾಗ ಥೆರಪಿಸ್ಟ್ ಬರೆಯುವುದನ್ನು ನಿಲ್ಲಿಸಿದಳು. "ಕಲಿಸಿದ್ದನ್ನ ಹೇಳೂದ ಬ್ಯಾರೆ, ವೈನಿ. ಅದರ ಮ್ಯಾಲ ತಮ್ಮ ಮಾತ ಕೂಡ್ರಿಸೂದ ಬ್ಯಾರೆ." ಇನ್ನು ಮೊಬೈಲಿನ ದನಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬನ್ನಿ ಎಂದಳು. ಪೂರ್ತಿ ಮೊದಲಿನಂತೆ ಆಗುತ್ತಾರೆಯೇ ಎಂದು ಕೇಳಿದೆ. "ಗೊತ್ತಿಲ್ರಿ" ಎಂದಳು. ಸುಳ್ಳು ಹೇಳಲಿಲ್ಲವೆಂದು ಅವಳ ಮೇಲೆ ವಿಶ್ವಾಸ ಹೆಚ್ಚಾಯಿತು.

ಈಗ ಇಪ್ಪತ್ತರಷ್ಟು ಮಾತು ಬರುತ್ತವೆ. ಕೆಲವಕ್ಕೆ ತೊಡೆ ತಟ್ಟಬೇಕು, ಕೆಲವಕ್ಕೆ ಬೇಡ. ಮಗಳ ಹೆಸರು ಇನ್ನೂ ಬಂದಿಲ್ಲ. ಅವಳು ಫೋನು ಮಾಡಿದರೆ ಇವರು ಕಿವಿಗೆ ಹಿಡಿದು ಕೇಳುತ್ತಾರೆ, ಅಷ್ಟೆ. ಬಲಗೈ ಗುಂಡಿ ಹಾಕಿಕೊಳ್ಳುವಷ್ಟಾಗಿದೆ, ಕಾಲಿನ ಎಳೆತವೂ ತಗ್ಗಿದೆ. ಮೂರು ವಾರದಿಂದ ಆರು ಆಡು ಹೊಡೆದುಕೊಂಡು ಅವರೊಬ್ಬರೇ ಕಾಲುವೆ ದಂಡೆಗೆ ಹೋಗುತ್ತಿದ್ದಾರೆ.

ಮೊದಲ ದಿನ ನಾನು ಮನೆಯಲ್ಲಿ ನಿಲ್ಲಲೇ ಇಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಿಟ್ಟು ಊರಂಚಿನ ತಿರುವಿಗೆ ಹೋಗಿ, ಅವರ ಬಿಳಿ ಟೋಪಿ ಕಾಣುತ್ತದೆಯೇ ಎಂದು ನೋಡಿ ಬರುತ್ತಿದ್ದೆ. ಅತ್ತೆ ಲೆಕ್ಕ ಇಟ್ಟಿದ್ದರು, ಹದಿಮೂರು ಸಲವಂತೆ.

ಇವತ್ತು ಎರಡೇ ಸಲ ಹೋದೆ.