ನೀರಿಗೆ ಮುಟ್ಟಿಸದ ಖಣ

ಟ್ರಂಕಿನಲ್ಲಿ ಮೇಲೆ ಮಡಿಸಿಟ್ಟ ಸೀರೆ ಒಣಗಿತ್ತು, ಕೆಳಗಿನದೂ ಒಣಗಿತ್ತು. ನಡುವೆ ಇದ್ದ ಹಸಿರು ಕುಪ್ಪಸದ ಖಣ ಮಾತ್ರ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು.

ಇಂಥದ್ದನ್ನು ನಾನು ನಂಬುತ್ತಿರಲಿಲ್ಲ. ಪುಣೆಯಲ್ಲಿ ಬಿ.ಎ. ಮುಗಿಸಿ ಅಕ್ಕಲಕೋಟಕ್ಕೆ ಮರಳಿದ ವರ್ಷ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಸೋಲಾಪುರದ ಗಿರಣಿಗಳಲ್ಲಿ ಕೆಲಸ ತಪ್ಪಿ ಊರಿಗೆ ಬಂದವರಿಗೆ ಕೂಲಿ ಸಿಗಲೆಂದು ಆಗ ಎತ್ತರದ ನೀರಿನ ಟಾಕಿ ಕಟ್ಟಿಸುತ್ತಿದ್ದರು. ನಮಗೆ ಹಾಲು ಕೊಡುತ್ತಿದ್ದ ಗಂಗವ್ವ, ಅವಳ ಮಗಳು ಶಿವಲೀಲಾ ಇಬ್ಬರೂ ಅಲ್ಲಿ ಸುಣ್ಣದ ಗಾರೆ ಹೊತ್ತರು. ಟಾಕಿಯ ಒಳಗೋಡೆಗೆ ಗಾರೆ ಬಳಿಯುವಾಗ ಶಿವಲೀಲಾ ಬಿದ್ದು ಸತ್ತಳು. ಮದುವೆಗೆ ಒಂದು ತಿಂಗಳಿತ್ತು.

ಹೊಸ ನೀರಿಗೆ ಖಣ ಮುಟ್ಟಿಸಿ ಉಡಿ, ಅಂದರೆ ಮಡಿಲು, ತುಂಬುವುದು ನಮ್ಮ ಕಡೆಯ ರೂಢಿ. ಟಾಕಿಗೆ ನೀರು ಬಿಟ್ಟ ದಿನ ಗಂಗವ್ವ ಮಗಳ ಮದುವೆಗೆಂದು ಕೊಂಡಿದ್ದ ಖಣವನ್ನು ನನ್ನ ಬಳಿ ತಂದಳು. ಅವಳು ವಿಧವೆ, ಅವಳ ಕೈಯಿಂದ ಆ ಕಾರ್ಯ ನಡೆಯುವಂತಿರಲಿಲ್ಲ.

“ಅಕ್ಕಾರ, ಮ್ಯಾಲೆ ಹತ್ತಿ ಇದನ್ನ ನೀರಿಗೆ ಮುಟ್ಟಿಸಿ ತಂದು ಕೊಡ್ರಿ. ಬರೇ ಉಡೀಲೆ ಹ್ವಾದ್ಳರಿ ನನ್ನ ಮಗಳು.” ನಾನು ಹಿಂದೇಟು ಹಾಕಿದ್ದನ್ನು ಕಂಡು, “ಇಷ್ಟ ಕಲ್ತೀರಿ, ಏಣಿ ಹತ್ತೂದೊಂದು ಕಲಿಸಿಲ್ಲೇನ್ರಿ ಕಾಲೇಜಿನ್ಯಾಗ?” ಎಂದು ನಗಲು ನೋಡಿದಳು.

ಒಪ್ಪಿಕೊಂಡು ಹೋದೆ. ಟಾಕಿಯ ಕೆಳಗೆ ಅರ್ಧ ಊರೇ ನೆರೆದಿತ್ತು. ಅಷ್ಟು ಗಂಡಸರೆದುರು ಏಣಿ ಹತ್ತಲು ನಾಚಿಕೆಯಾಯಿತು. ಒಂದು ಮೂಢನಂಬಿಕೆಗಾಗಿ ಇಷ್ಟೆಲ್ಲ ಏಕೆ ಎಂದೂ ಅನಿಸಿತು. ಮನೆಗೆ ಬಂದು ಖಣವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮಧ್ಯಾಹ್ನ ಗಂಗವ್ವ ಬಂದಳು. “ಮುಟ್ಟಿಸಿದ್ರ್ಯಾ?”

“ಮುಟ್ಟಸೀನಿ. ಒಣಗಿದ ಮ್ಯಾಲೆ ಕೊಡ್ತೀನಿ.”

ಅವಳು ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಅಳಲಿಲ್ಲ. ಮಗಳು ಹೋದ ಮೇಲೆ ಅಂದೇ ಮೊದಲ ಸಲ ನಮ್ಮಲ್ಲಿ ಕುಳಿತು ಚಹಾ ಕುಡಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ, ಖಣವನ್ನು ಕೊಟ್ಟುಬಿಡೋಣವೆಂದು ಟ್ರಂಕು ತೆರೆದಾಗ ಕಂಡದ್ದನ್ನು ಮೊದಲೇ ಹೇಳಿದೆ. ಖಣಕ್ಕೆ ಹಸಿ ಸುಣ್ಣದ ವಾಸನೆಯಿತ್ತು. ಬೀಗದ ಕೈ ನನ್ನ ಸೊಂಟ ಬಿಟ್ಟಿರಲಿಲ್ಲ. ಮಾಳಿಗೆ ಸೋರುವ ಕಾಲವೂ ಅದಲ್ಲ. ಟ್ರಂಕಿನ ತಳವನ್ನು ಕೈಯಿಂದ ತಡವಿ ನೋಡಿದೆ, ಧೂಳಿತ್ತು.

ಎಷ್ಟೋ ವರ್ಷ ಕಾರಣ ಹುಡುಕಿದ್ದೇನೆ. ಸಿಕ್ಕಿಲ್ಲ. ಸುಮ್ಮನೆ ಕೊಟ್ಟುಬಿಟ್ಟರೆ ನನ್ನ ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಆ ರಾತ್ರಿಯೆಲ್ಲ ನನ್ನ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಖಣವನ್ನು ಇನ್ನೂ ಒದ್ದೆಯಿರುವಾಗಲೇ ಒಯ್ದು ಗಂಗವ್ವನ ಕೈಗಿತ್ತು, ನಾನು ಟಾಕಿ ಹತ್ತಿರಲಿಲ್ಲ ಎಂದು ಹೇಳಿದೆ.