ನೀಲಮ್ಮನ ಕೊಸರು

ನೀಲಮ್ಮ ಸಂತೆಯಲ್ಲಿ ಮೆಂತ್ಯೆ ಸಿವುಡು ಎತ್ತಿಕೊಂಡಳೆಂದರೆ ಸುತ್ತ ನಿಂತವರು ಹಿಂದೆ ಸರಿಯುತ್ತಿದ್ದರು. ಸಿವುಡಿನ ಬುಡ ಹಿಡಿದು, ಒಗೆದ ಅರಿವೆ ಝಾಡಿಸಿದಂತೆ ಗಾಳಿಯಲ್ಲಿ ಝಾಡಿಸುವಳು. ಪಲ್ಲೆ ತಾಜಾ ಕಾಣಲೆಂದು ಹೊಡೆದ ನೀರೆಲ್ಲ ಪಕ್ಕದವರ ಮುಖಕ್ಕೆ. "ನೀರು ಹೊಡದ್ರ ನಿನ್ನಿ ಪಲ್ಲೆ ಇವತ್ತಿಂದು ಆಕ್ಕೈತೇನು? ನೀರು ನಮ್ಮನಿ ನಳದಾಗೂ ಬರತಾವು" ಎಂದು ಮಾರುವವರಿಗೆ ದಬಾಯಿಸುವಳು. ಹಾಗೆ ಮುಖ ಒರೆಸಿಕೊಂಡವರಲ್ಲಿ ನಾನೂ ಒಬ್ಬಳು. ಆಮೇಲೆ ನೋಡಿದರೆ, ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನಾನು ಹೊಸದಾಗಿ ಬಾಡಿಗೆ ಹಿಡಿದ ಮನೆಗೆ ಆಕೆಯೇ ನೆರೆಯವಳು.

ನೀಲಮ್ಮನ ಮಗ ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಅವನ ಪಗಾರದಲ್ಲೇ ತಾಯಿ, ಮಗ, ಸೊಸೆ ಮೂರು ಹೊಟ್ಟೆ ತುಂಬಬೇಕು. ಹಾಗೆಂದು ಆಕೆ ಅಗ್ಗದ ಸಾಮಾನಿಗೆ ಕೈ ಚಾಚಿದವಳಲ್ಲ. ಸಂತೆ ಮುರಿಯುವ ಹೊತ್ತಿಗೆ ಹೋದರೆ ಉಳಿದದ್ದೆಲ್ಲ ಸೋವಿಯಾಗಿ ಸಿಗುತ್ತದೆಂದು ನಾನೊಮ್ಮೆ ಉಪದೇಶ ಮಾಡಿ ಬೈಸಿಕೊಂಡೆ. "ಮಂದಿ ಆರಿಸಿ ಬಿಟ್ಟದ್ದು ನಾವ್ಯಾಕ ತಿನ್ನಬೇಕ್ರಿ ಅಕ್ಕೋರ? ಬಡವರ ನಾಲಿಗಿಗೆ ರುಚಿ ಇರೂದಿಲ್ಲಂತ ನಿಮ್ಮ ಸಾಲ್ಯಾಗ ಕಲಸ್ತಾರೇನು?" ಸಾಲಿ ಟೀಚರಾದ ನನಗೇ ಪಾಠವಾಯಿತು.

ಟೊಮೆಟೊ ಗುಂಪಿ ಕೊಳ್ಳುವ ಮೊದಲು ಕೆಳಗಿನದನ್ನು ಮೇಲೆ ಮಾಡಿ ನೋಡಬೇಕು. ಬೆಂಡೆಕಾಯಿಯ ತುದಿ ಮುರಿಯಬೇಕು. ಎಲ್ಲ ಮುಗಿದ ಮೇಲೆ ಚೀಲದ ಬಾಯಿ ಹಿಗ್ಗಿಸಿ ಹಿಡಿದು ನಿಲ್ಲಬೇಕು, ಕೊಂಡದ್ದರ ಮೇಲೆ ಹಾಕುವ ಕೊಸರಿಗೆ. ಒಂದೆಳೆ ಕರಿಬೇವು, ಎರಡು ಹಸಿಮೆಣಸಿನಕಾಯಿ, ಇಲ್ಲವೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಒಂದು ಹಿಡಿ ಹಕ್ಕರಕಿ ಸೊಪ್ಪು. ಅದು ಬೀಳದೆ ನೀಲಮ್ಮ ಅಲ್ಲಿಂದ ಕದಲಿದ್ದಿಲ್ಲ. ಪಲ್ಲೆ ಮಾರುವ ಹುಸೇನಬಿ ಆಕೆಯನ್ನು ಕಂಡಕೂಡಲೇ, "ಬಂದ್ರು ನೋಡ್ರಿ ವಕೀಲಸಾಹೇಬರು" ಎನ್ನುವಳು. ಬೈದುಕೊಂಡೇ ಹಕ್ಕರಕಿ ಹಾಕುವಳು. ನೀಲಮ್ಮನೂ ಬಿಡುತ್ತಿರಲಿಲ್ಲ. "ಕೊಸರು ಕೊಡಲಾರದಾಕಿ ವ್ಯಾಪಾರ ಯಾಕ ಮಾಡ್ತಿ? ಇದು ನಾ ಬೇಡಿದ್ದಲ್ಲ, ನೀ ನನಗ ಕೊಡೋ ಮರ್ಯಾದಿ."

ಊರಿಗೆ ತಣ್ಣನೆಯ ಗಾಳಿ ಬೀಸುವ ದೊಡ್ಡ ಅಂಗಡಿಯೊಂದು ಬಂದಾಗ ನಾನೇ ನೀಲಮ್ಮನನ್ನು ಕರೆದೊಯ್ದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದಿಟ್ಟ ಸೌತೆಕಾಯಿ ಕಂಡು ಆಕೆಯ ಹುಬ್ಬು ಗಂಟಾಯಿತು. ಮೂಸಲು ಬರುವುದಿಲ್ಲ, ಮುರಿಯಲು ಬರುವುದಿಲ್ಲ. ಬಿಲ್ಲು ಮಾಡುವವಳ ಮುಂದೆ ಚೀಲ ಹಿಗ್ಗಿಸಿ ನಿಂತಳು. ಆ ಹುಡುಗಿ ಇನ್ನೊಂದು ಚೀಲ ಬೇಕೇನೋ ಎಂದುಕೊಂಡು ಅದಕ್ಕೆ ಬೇರೆ ರೊಕ್ಕ ಎಂದಳು. "ಚೀಲಕ್ಕೂ ರೊಕ್ಕಾನ? ಕೊಡೂದಂತೂ ಇಲ್ಲ, ಮ್ಯಾಲೆ ಕಸಗೊಳ್ಳೂದು!" ಸೌತೆಕಾಯಿಯನ್ನು ಅಲ್ಲೇ ಇಟ್ಟು ಹೊರಬಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

ನಗು ಬಾರದ ಸಂಗತಿಯೂ ಒಂದಿದೆ. ಸೊಸೆ ರೇಣುಕಾ ಬಸುರಿಯಾದಳು. ಮೈಯಲ್ಲಿ ರಕ್ತ ಕಡಿಮೆ, ಹೀಗೇ ಇದ್ದರೆ ಹೆರಿಗೆ ಕಷ್ಟ ಎಂದರು ಡಾಕ್ಟರು. ಗುಳಿಗೆ ಬರೆದುಕೊಟ್ಟು, ತಪ್ಪಲು ಪಲ್ಲೆ, ದಾಳಿಂಬೆ ತಿನ್ನಿಸಿರಿ ಎಂದರು. ಬಜಾರಿನಲ್ಲಿ ದಾಳಿಂಬೆಯ ದರ ಮಗನ ಪಗಾರಕ್ಕೆ ಎಟುಕುತ್ತಿರಲಿಲ್ಲ. ನೀಲಮ್ಮ ಮಾತ್ರ ಗೆಲುವಾಗಿದ್ದಳು. ಕುಷ್ಟಗಿಯ ಆಚೆ ಆಕೆಯ ತವರು. ತಮ್ಮ ಶರಣಪ್ಪನದು ದಾಳಿಂಬೆ ತೋಟ. "ನನ್ನ ತವರುಮನಿ ಹಣ್ಣು ಇರೂವಾಗ ಬಜಾರದ್ಯಾಕ?" ಎಂದು ಭಾನುವಾರ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

ಗಿಡಗಳು ಕೆಂಪಗೆ ಜೋತುಬಿದ್ದಿದ್ದವು. ನೆರಳಲ್ಲಿ ಆಳುಗಳು ಹಣ್ಣು ಆರಿಸಿ ರಟ್ಟಿನ ಡಬ್ಬಿಗೆ ತುಂಬುತ್ತಿದ್ದರು. ಶರಣಪ್ಪ ಅಕ್ಕನ ಚೀಲ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ತ್ವಾಟ ಪೂರಾ ವ್ಯಾಪಾರಿಗೆ ಕೊಟ್ಟೀನಿ. ಹಣ್ಣು ಈಗ ನಂದಲ್ಲ."

"ಗಿಡ ಯಾರದು?"

"ನಂದ."

"ನೆಲ?"

"ನಂದ ಅಕ್ಕಾ."

"ಹಣ್ಣಷ್ಟ ಪರ ಊರಾವಂದು! ಆತು, ರೊಕ್ಕಾ ಕೊಡ್ತೀನಿ, ನಾಕು ಛಲೋವು ಕೊಡಸು."

ವ್ಯಾಪಾರಿಯ ಮನುಷ್ಯ ತಲೆ ಎತ್ತದೆ, "ಬಿಡಿ ಹಣ್ಣು ಮಾರೂದಿಲ್ರಿ" ಎಂದ. ಆಗ ಶರಣಪ್ಪ ಪಾಪ, ಬದುವಿನಲ್ಲಿ ಒಗೆದಿದ್ದ ಒಡಕು, ಚುಕ್ಕೆ ಬಿದ್ದ ಹಣ್ಣುಗಳನ್ನು ಚೀಲ ತುಂಬ ತಂದ. "ಕೊಸರು ಅಂತ ತಿಳಕೊಂಡು ಒಯ್ಯಿ ಅಕ್ಕಾ" ಎಂದುಬಿಟ್ಟ.

ಬೇರೆ ಏನೆಂದಿದ್ದರೂ ನಡೆಯುತ್ತಿತ್ತು. "ಮಾಲು ಕೊಟ್ಟು ಮ್ಯಾಲೆ ಹಾಕಿದ್ದಕ್ಕ ಕೊಸರು ಅಂತಾರೋ ತಮ್ಮಾ. ಮಾಲು ಊರಾಚೆ ಕಳಿಸಿ, ಒಗದದ್ದನ್ನ ಅಕ್ಕನ ಚೀಲಕ್ಕ ಹಾಕಿದ್ರ ಅದಕ್ಕ ಭಿಕ್ಷಾ ಅಂತಾರ." ಚೀಲ ಅಲ್ಲೇ ಬದುವಿನ ಮೇಲೆ ಸುರಿದು ರಸ್ತೆಯ ಕಡೆ ನಡೆದಳು. ಒಡಕು ಹಣ್ಣಾದರೂ ಕಾಳು ಚೆನ್ನಾಗಿರುತ್ತವಲ್ಲ ಎಂದ ನನ್ನನ್ನು ಬಿಟ್ಟು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತಳು. ಆ ದಿನ ಹಟ ಅನಿಸಿದ್ದು ಈಗ ನನಗೂ ಸಿಟ್ಟಾಗಿ ಉಳಿದಿದೆ. ಈ ನೆಲದ ನೀರು ಕುಡಿದು ಬೆಳೆದ ಹಣ್ಣನ್ನು ಈ ನೆಲದ ಬಸುರಿಗೆ ರೊಕ್ಕ ಕೊಟ್ಟರೂ ಕೊಡುವುದಿಲ್ಲ ಎಂದರೆ ಇದು ಯಾವ ಸೀಮೆಯ ನ್ಯಾಯ?

ಮರುದಿನ ಸುದ್ದಿ ಕೇಳಿದ ಹುಸೇನಬಿ ತಾನೂ ನಾಲ್ಕು ಬೈದಳು. ಅಂದಿನಿಂದ ನೀರು ಹೊಡೆಯುವ ಮೊದಲೇ ರಾಜಗಿರಿ, ನುಗ್ಗೆ ತಪ್ಪಲು ಆರಿಸಿ ನೀಲಮ್ಮನಿಗೆಂದು ಗೋಣಿಚೀಲದ ಕೆಳಗೆ ತೆಗೆದಿಡುತ್ತಿದ್ದಳು. ದಿನವೂ ನೀಲಮ್ಮ ಸೊಸೆಯ ಎದುರು ಕುಳಿತು, ತಮ್ಮನ ತೋಟದ ಕಥೆ ಹೇಳುತ್ತ ರೊಟ್ಟಿ ಪಲ್ಲೆ ತಿನ್ನಿಸಿದಳು. ಗುಳಿಗೆಯನ್ನೂ ತಪ್ಪಿಸಲಿಲ್ಲ. ಹೆಣ್ಣು ಕೂಸು ಸುಸೂತ್ರ ಹುಟ್ಟಿತು.

ಹೋದ ವರ್ಷ ನೀಲಮ್ಮ ಜ್ವರವೆಂದು ಮಲಗಿದವಳು ಏಳಲಿಲ್ಲ. ದಿನಕರ್ಮಕ್ಕೆ ಶರಣಪ್ಪ ಬಂದ. ಹೆಗಲ ಮೇಲೆ ಒಂದು ಡಬ್ಬಿ ದಾಳಿಂಬೆ. ಒಂದೊಂದೂ ಕೂಸಿನ ತಲೆಯಷ್ಟು, ಒಂದೊಂದಕ್ಕೂ ಮಿರುಗುವ ಚೀಟಿ. ಪಟದ ಮುಂದೆ ಸಾಲಾಗಿ ಜೋಡಿಸಿದ. ಬದುಕಿದ್ದಾಗ ನಾಲ್ಕು ಸಿಗಲಿಲ್ಲ, ಸತ್ತ ಮೇಲೆ ಡಬ್ಬಿ!

ಅತ್ತೆಯ ಎದುರು ಎಂದೂ ದನಿ ಎತ್ತದ ರೇಣುಕಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಬಗ್ಗಿ ಎಲ್ಲಕ್ಕಿಂತ ದೊಡ್ಡ ಹಣ್ಣು ಎತ್ತಿಕೊಂಡಳು.

"ಪೂಜಿ ಆಗಲಿ, ತಡಿಯವ್ವಾ" ಎಂದರು ಯಾರೋ ಹಿರಿಯರು.

ಆಕೆ ಅತ್ತ ನೋಡಲೇ ಇಲ್ಲ. "ಮಾವಾರ, ಇವು ಮಾಲೋ, ಕೊಸರೋ?" ಎಂದು ಶರಣಪ್ಪನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. "ಮಾಲ ಯವ್ವಾ. ವ್ಯಾಪಾರಿಗೆ ಕಳಸೂ ಡಬ್ಬಿ, ಅವಂಗ ಕೊಡದ ತಂದೀನಿ."

"ಹಂಗಾರ ಮೊದಲ ಕೂಸು ತಿನ್ನಲಿ" ಎಂದು ರೇಣುಕಾ ಚೀಟಿ ಕಿತ್ತೆಸೆದು, ನೀಲಮ್ಮನ ಪಟದ ಮುಂದೆಯೇ ಹಣ್ಣು ಒಡೆದಳು.