ಅತ್ತಿಗೆ ಒಣಗಿಸಿದ ಪ್ಲಮ್

ನನ್ನ ತವರು ಮೆಲ್ಬರ್ನಿನ ಗ್ಲೆನ್ ವೇವರ್ಲಿ. ಹುಟ್ಟಿದ್ದು ಮೈಸೂರಿನಲ್ಲಾದರೂ, ಅಣ್ಣ ಅಲ್ಲಿ ಮನೆ ಮಾಡಿ ಅಮ್ಮನನ್ನು ಕರೆಸಿಕೊಂಡ ಮೇಲೆ ನನಗೆ ತವರೆಂದರೆ ಅದೇ. ನಾವಿರುವುದು ಸಿಡ್ನಿಯ ಮಾರ್ಸ್‌ಡನ್ ಪಾರ್ಕಿನಲ್ಲಿ. ವರ್ಷಕ್ಕೊಮ್ಮೆ ಮಗಳನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ. ಹೊರಡುವಾಗ ಅಮ್ಮ ಕುಂಕುಮ ಕೊಟ್ಟು, ಹುಳಿಪುಡಿ, ಚಟ್ನಿಪುಡಿಯ ಡಬ್ಬಗಳನ್ನು ಸೂಟ್‌ಕೇಸಿಗೆ ತುರುಕುತ್ತಿದ್ದಳು.

ಅಮ್ಮನ ಮಂಡಿ ಕೈಕೊಟ್ಟ ಮೇಲೆ ಆ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಅತ್ತಿಗೆ ಜಪಾನಿನವಳು, ಅಣ್ಣನ ಜೊತೆ ಓದಿದವಳು. ಅಮ್ಮನಿಂದ ಕಲಿತ ಹರಕುಮುರುಕು ಕನ್ನಡ ಆಡುತ್ತಾಳೆ. ಮೊದಲ ಸಲ ಅವಳು ನನ್ನ ಹಣೆಗೆ ಕುಂಕುಮವಿಟ್ಟು ಒಂದು ಚೀಲ ಕೊಟ್ಟಳು. ಒಳಗೆ ಹುರಿದ ಅಕ್ಕಿಯ ಟೀ, ಮಿಸೊ ಎಂಬ ಹುದುಗಿಸಿದ ಸೋಯಾ ಪೇಸ್ಟಿನ ಡಬ್ಬ, ಒಂದು ಜಾಡಿ ಉಮೆಬೋಶಿ. ಅಂದರೆ ಉಪ್ಪಿನಲ್ಲಿ ಹಾಕಿ ಒಣಗಿಸಿದ ಹುಳಿ ಪ್ಲಮ್.

"ನಮ್ಮ ಉಪ್ಪಿನಕಾಯಿ," ಅಂದಳು. "ನಾನೇ ಮಾಡಿದ್ದು. ಫಿಶ್ ಇಲ್ಲ."

ನಗುತ್ತಾ ತೆಗೆದುಕೊಂಡೆ. ಸಿಡ್ನಿಗೆ ಬಂದು ಇಡೀ ಚೀಲವನ್ನು ಬಿನ್ನಿಗೆ ಹಾಕಿದೆ. ಮೀನಿನ ರಸ ಸೇರಿದ್ದರೆ ಏನು ಗತಿ ಎಂದು ಗಂಡನಿಗೆ ಹೇಳಿದೆ. ನಿಜ ಅದಲ್ಲ. ಅಮ್ಮನ ಡಬ್ಬಗಳ ಜಾಗದಲ್ಲಿ ಅವು ಬಂದು ಕೂತಿದ್ದೇ ನನಗೆ ಸಹಿಸಲಾಗಲಿಲ್ಲ.

ವಾರದ ನಂತರ ಅತ್ತಿಗೆ ಫೋನ್ ಮಾಡಿ, ಹೇಗಿತ್ತು ಎಂದು ಕೇಳಿದಳು.

"ತುಂಬಾ ಚೆನ್ನಾಗಿತ್ತು. ಮೊಸರನ್ನಕ್ಕೆ ನೆಂಚಿಕೊಂಡು ಖಾಲಿ ಮಾಡಿದ್ವಿ."

ಮರುವರ್ಷ ಎರಡು ಜಾಡಿ ಬಂದವು. ಅದರ ಮುಂದಿನ ವರ್ಷ ಮೂರು. ಅದೇ ಬಿನ್, ಅದೇ ಸುಳ್ಳು.

ಈ ಸಲ ಜನವರಿಯ ಸ್ಕೂಲ್ ರಜೆಯಲ್ಲಿ ಹೋದೆ. ಅಲ್ಲಿನ ಬೇಸಿಗೆ, ಬಿಸಿಲು ಚರ್ಮ ಸುಡುತ್ತಿತ್ತು. ಹಿತ್ತಲಲ್ಲಿ ಬಿದಿರಿನ ಮೊರಗಳ ತುಂಬ ಕೆಂಪು ಪ್ಲಮ್. ಅತ್ತಿಗೆ ಟೋಪಿ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಚಾಪ್‌ಸ್ಟಿಕ್ಕಿನಿಂದ ಮಗುಚುತ್ತಿದ್ದಳು. ನೆರಳಲ್ಲಿ ಕುರ್ಚಿ ಹಾಕಿಕೊಂಡು ಅಮ್ಮ ಹಕ್ಕಿಗಳಿಗೆ ಕಾವಲು.

"ಹಣ್ಣಿಗೋಸ್ಕರ ಎರಡು ಗಂಟೆ ಕಾರು ಓಡಿಸ್ಕೊಂಡು ಹೋಗಿ ಬರ್ತಾಳೆ ಕಣೆ," ಅಂದಳು ಅಮ್ಮ. "ತಿಂಗಳು ಪೂರ್ತಿ ಉಪ್ಪಲ್ಲಿಡ್ಬೇಕು, ಆಮೇಲೆ ಮೂರು ದಿನ ಬಿಸಿಲು. ಮೊದಲು ಒಂದೇ ಮೊರ ಹಾಕ್ತಿದ್ಲು. ನೀನು ಇಷ್ಟಪಡ್ತೀಯ ಅಂತ ಈಗ ಮೂರು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋಗಲೂ ಆಗಲಿಲ್ಲ. ಅಮ್ಮ ತೂಕಡಿಸತೊಡಗಿದ ಮೇಲೆ ಅತ್ತಿಗೆಯ ಪಕ್ಕದಲ್ಲಿ ಕೂತೆ.

"ನಾನು ಒಂದು ಸಲಾನೂ ತಿಂದಿಲ್ಲ ಅತ್ತಿಗೆ. ಎಸೆದುಬಿಟ್ಟೆ."

ಅವಳ ಕೈ ನಿಂತಿತು. "ಎಲ್ಲಾ?"

"ಎಲ್ಲಾ."

ಅವಳು ಉಳಿದ ಸಾಲನ್ನು ಮಗುಚಿ ಮುಗಿಸಿದಳು. ಆಮೇಲೆ, "ಫಿಶ್ ಇರಲಿಲ್ಲ," ಅಂದಳು.

"ಗೊತ್ತು," ಅಂದೆ.

ಆ ರಾತ್ರಿಯೂ ಎಂದಿನಂತೆ ನನಗೆ ಬಿಸಿ ಚಪಾತಿ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ದಿನ ಕುಂಕುಮದ ಜೊತೆ ಅಕ್ಕಿ, ತೆಂಗಿನಕಾಯಿ ಮಾತ್ರ ಕೊಟ್ಟಳು. ಯಾರೂ ಬೆರಳು ತೋರಿಸಲಾಗದಷ್ಟು ಸರಿಯಾದ ಉಡುಗೊರೆ. "ಪ್ಲಮ್ ಕೊಡಲ್ವಾ?" ಎಂದು ನಾನೇ ಕೇಳಿದೆ. ಅವಳು ಒಳಗೆ ಹೋಗಿ ನಾಲ್ಕೇ ಹಣ್ಣಿದ್ದ ಪುಟ್ಟ ಬಾಟಲಿ ತಂದಳು.

"ತಿಂದು ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಹೇಳಿ. ಎಸೀಬೇಡಿ."

ಮನೆಗೆ ಬಂದು ಮೊಸರನ್ನದ ಜೊತೆ ಒಂದು ತಿಂದೆ. ಉಪ್ಪಿಗೆ ಕಣ್ಣಲ್ಲಿ ನೀರು ಬಂತು. ಅತ್ತಿಗೆಗೆ ಫೋನ್ ಮಾಡಿ, ನನಗೆ ಅಷ್ಟು ಹಿಡಿಸಲಿಲ್ಲ ಎಂದು ಹೇಳಿದೆ. "ಓಕೆ. ಥ್ಯಾಂಕ್ ಯೂ," ಅಂದಳು. ಉಳಿದ ಮೂರನ್ನು ಮಗಳು ದಿನಕ್ಕೊಂದರಂತೆ ತಿಂದು, "ಈಸ್ ದೇರ್ ಮೋರ್?" ಎಂದು ಕೇಳಿದಳು. ಎಸೆದ ಜಾಡಿಗಳ ವಿಷಯ ಅವಳಿಗೆ ಹೇಳಲಿಲ್ಲ.

ಅಮ್ಮನಿಗೂ ಹೇಳಿಲ್ಲ. ಮೊನ್ನೆ ಅವಳು ವಿಡಿಯೊ ಕಾಲಿನಲ್ಲಿ, "ಈ ಸಲ ಯಾಕೆ ಅಷ್ಟೇ ತಗೊಂಡು ಹೋದೆ?" ಎಂದು ಕೇಳಿದಳು.

"ಲಗೇಜ್ ಲಿಮಿಟ್ ಅಮ್ಮ," ಅಂದೆ.

ಅಮ್ಮನ ಹಿಂದೆ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ತಲೆ ಎತ್ತಿ ನೋಡಿದಳು. ಮತ್ತೆ ಮಡಿಸತೊಡಗಿದಳು.